ಕುರ್ಚಿ ಕಂಪನಿ ಮುಚ್ಚಿದ ಗಟ್ಟಿಯಪ್ಪ

ನಮ್ಮ ಬೀದಿಯಲ್ಲಿ ಕುರ್ಚಿ ಮಾಡುತ್ತಿದ್ದ ಬಡಗಿಯನ್ನು ಎಲ್ಲರೂ ಗಟ್ಟಿಯಪ್ಪ ಎನ್ನುತ್ತಿದ್ದರು. ಮಾಡಿದ ಪ್ರತಿ ಕುರ್ಚಿಯನ್ನೂ ಹತ್ತಿ, ನಾಲ್ಕು ಸಲ ಕುಣಿದು ತೋರಿಸಿದ ಮೇಲೆಯೇ ಗಿರಾಕಿಗೆ ಕೊಡುತ್ತಿದ್ದ ಆಸಾಮಿ. ಅರವತ್ತಮೂರಕ್ಕೆ ಮೊಣಕಾಲು ಕೈಕೊಟ್ಟಿತು. ಕುಣಿಯದೆ ಮಾರುವುದು ಮೋಸ ಎಂದುಕೊಂಡು ವರ್ಕ್‌ಶಾಪಿಗೆ ಬೀಗ ಜಡಿದ; 'ಕಂಪನಿ ಮುಚ್ಚಿದೆ' ಎಂದು ಹಲಗೆ ನೇತುಹಾಕಿದ.

ಆದರೂ ಕಂಪನಿ ನೋಂದಣಿ ಕಚೇರಿಯಿಂದ ಪತ್ರಗಳು ಬರುವುದು ನಿಲ್ಲಲಿಲ್ಲ. ಅವನ್ನು ಹಿಡಿದು ವಕೀಲೆಯ ಬಳಿ ಹೋದ. ಅವರು ನಕ್ಕರು.

"ಬೀಗ ಹಾಕಿದ್ರೆ ಬಾಗಿಲು ಮುಚ್ಚುತ್ತೆ ಯಜಮಾನ್ರೇ, ಕಂಪನಿ ಮುಚ್ಚಲ್ಲ. ಮುಚ್ಚೋ ಅಧಿಕಾರ ನಿಮ್ಮೊಬ್ಬರದೂ ಅಲ್ಲ. ಪಾಲುದಾರರಿಬ್ರೂ ಸಭೆ ಸೇರಿ ನಿರ್ಣಯ ಮಾಡ್ಬೇಕು."

ಗಟ್ಟಿಯಪ್ಪನ ಮುಖ ಇಳಿಯಿತು. ಇನ್ನೊಬ್ಬ ಪಾಲುದಾರಳು ಅವನ ಅಕ್ಕ. ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದವಳು. ಆ ಹೆಣಿಗೆಯನ್ನು ಅವನು "ಜರಡಿ" ಎಂದು ಹಂಗಿಸಿದ ದಿನದಿಂದ ಮಾತು ಬಿಟ್ಟಿದ್ದಳು; ಅದಾಗಿ ನಾಲ್ಕು ವರ್ಷ.

ವಕೀಲೆಯ ಕೋಣೆಯಲ್ಲಿ ಸಭೆ ಸೇರಿತು. ಅಕ್ಕ ಗೋಡೆಗೆ ಮುಖ ಮಾಡಿ ಕೂತಳು.

"ಒಪ್ಪಿಗೆ ಇದೆಯಾ ಅಂತ ಅವಳನ್ನ ಕೇಳಿ," ಎಂದ ತಮ್ಮ.

"ಜರಡಿ ಹೆಣೆಯೋರ ಸಹಿ ಆಗುತ್ತಾ ಅಂತ ಅವನನ್ನ ಕೇಳಿ," ಎಂದಳು ಅಕ್ಕ.

ಅತ್ತ ಇತ್ತ ತಿರುಗಿ ವಕೀಲೆಯ ಕತ್ತೇ ಉಳುಕುವಂತಾಯಿತು. ಕೊನೆಗೆ ಗಟ್ಟಿಯಪ್ಪ ಕೆಮ್ಮಿ, "ತಪ್ಪಾಯ್ತು ಕಣಕ್ಕಾ," ಎಂದ.

"ಅದನ್ನೂ ನಿರ್ಣಯದಲ್ಲಿ ಬರ್ಕೊಳ್ಳಿ."

ಬರೆದುಕೊಂಡದ್ದಾಯಿತು. ಸಹಿ ಬಿತ್ತು.

"ಇನ್ನು ತಕರಾರಿದ್ದೋರು ಬನ್ನಿ ಅಂತ ನೋಟಿಸು ಕೊಡೋಣ. ಸೀಮಿತ ಹೊಣೆಯ ಕಂಪನಿ, ನಿಮ್ಮ ಮನೆ ತನಕ ಏನೂ ಬರಲ್ಲ," ಎನ್ನುತ್ತ ವಕೀಲೆ, ಗಟ್ಟಿಯಪ್ಪ ತಂದಿದ್ದ ಕಾಗದಗಳೊಳಗಿಂದ ಕುರ್ಚಿಯ ಗ್ಯಾರಂಟಿ ಚೀಟಿಯೊಂದನ್ನು ತೆಗೆದು ತಿರುವಿದರು. ಕಣ್ಣು ಅಲ್ಲೇ ನಿಂತಿತು. ಹಿಂಬದಿಯಲ್ಲಿ ದುಂಡಗಿನ ಕೈಬರಹ: 'ನಾನು ಬದುಕಿರುವ ತನಕ ಈ ಕುರ್ಚಿಗೆ ನಾನೇ ಜವಾಬ್ದಾರಿ.'

"ಇದು ಕಂಪನಿ ಕೊಟ್ಟ ಮಾತಲ್ಲ, ನೀವು ಕೊಟ್ಟಿದ್ದು. ಎಷ್ಟು ಚೀಟಿ ಮೇಲೆ ಬರೆದಿದ್ದೀರಿ?"

"ಎಲ್ಲದ್ರ ಮೇಲೂ. ಅಕ್ಷರ ಚೆನ್ನಾಗಿದೆ ಅಂತ ಎಲ್ರೂ ಹೊಗಳೋರು."

ಅಕ್ಕ ನಾಲ್ಕು ವರ್ಷದ ನಗುವನ್ನೆಲ್ಲ ಅಲ್ಲೇ ನಕ್ಕಳು.

ನೋಟಿಸು ಹೊರಟ ವಾರಕ್ಕೆ ಹನ್ನೊಂದು ಕುರ್ಚಿಗಳು ಅವನ ಮನೆಯಂಗಳಕ್ಕೆ ಬಂದಿಳಿದವು. ಅಕ್ಕ ಕುರ್ಚಿಯ ಕಾಲು ಹಿಡಿದಳು, ತಮ್ಮ ಅಂಟು ಹಾಕಿದ. ಮೂರು ತಿಂಗಳಿಗೆ ಕಂಪನಿಯ ಹೆಸರು ದಾಖಲೆಯಿಂದ ಹೋಯಿತು.

ಗಿರಾಕಿಗಳು ಮಾತ್ರ ಹೋಗಲಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೊಮ್ಮೆ ಬಂದು ಗದರುತ್ತಾರೆ: "ಮಾತ್ರೆ ತಗೊಂಡ್ರೇನ್ರೀ? ಉದಾಸೀನ ಮಾಡ್ಬೇಡಿ, ನಮ್ಮನೇಲಿ ಆರು ಕುರ್ಚಿ ಇವೆ."