ರೆಕ್ಕೆಯ ಮೇಲಿನ ಹಲಗೆಗಳು

ಇವತ್ತು ಭಾಲ್ಕಿಯ ನಮ್ಮ ಶಾಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ವಿಮಾನ ಕಂಡರೆ ಉಳಿದವರಿಗೆ ದೂರದ ದೇಶ ನೆನಪಾಗುತ್ತದಂತೆ. ನನಗೆ ಸಂತಪುರದಲ್ಲಿ ಕುರಿ ಸಾಕುವ ನಮ್ಮಕ್ಕ ನೆನಪಾಗುತ್ತಾಳೆ.

ಕೆಲವು ವರ್ಷಗಳ ಹಿಂದೆ, ನನ್ನ ಮಗಳು ಹುಟ್ಟಿದ ಹೊಸತರಲ್ಲಿ, ಕುರಿ ಸಾಕಣೆಯ ತರಬೇತಿಗೆಂದು ಆಕೆಯನ್ನು ಬೀದರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಕರೆದೊಯ್ದಿದ್ದೆ. ನಾನೋ ವಿಜ್ಞಾನದ ಮಾಸ್ತರ, ದಾರಿಯುದ್ದಕ್ಕೂ ಪಾಠ ಮಾಡಿದ್ದೇ ಮಾಡಿದ್ದು. ಚಕ್ರ ನೆಲಕ್ಕೆ ತಾಗಿದ್ದೇ ತಡ, ರೆಕ್ಕೆಯ ಮೇಲಿನ ಹಲಗೆಗಳು ಸಾಲಾಗಿ ಎದ್ದು ನಿಂತವು. ಅಕ್ಕ ನನ್ನ ತೊಡೆ ಚಿವುಟಿದಳು.

"ತಮ್ಮಾ, ರೆಕ್ಕಿ ಕಿತ್ತು ಹೊಂಟದ. ಯಾರಿಗರೆ ಹೇಳು."

ನಾನು ಯಾರಿಗೂ ಹೇಳಲಿಲ್ಲ. ನಿಮ್ಮ ಮುಂದೆ ಮುಚ್ಚಿಡುವುದೇನು, ನಾನು ಕಣ್ಣು ಮುಚ್ಚಿ ಕುಲದೇವರನ್ನು ನೆನೆಯುತ್ತಿದ್ದೆ.

ಹಿಂತಿರುಗುವ ದಿನ ಅಕ್ಕ ವಿಮಾನ ನಿಲ್ದಾಣದಲ್ಲೇ ಹಟ ಹಿಡಿದು ಕುಳಿತಳು. "ನಾ ಏರಂಗಿಲ್ಲ. ರೈಲಿಗೆ ಬರ್ತೇನಿ."

ಮರುದಿನ ಬೆಳಿಗ್ಗೆಯೇ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಈಕೆ. ರೈಲು ಮುಟ್ಟುವುದರೊಳಗೆ ಮುಹೂರ್ತ ಮುಗಿದಿರುತ್ತಿತ್ತು. ಈಕೆ ತಪ್ಪಿದರೆ ಆ ಹಕ್ಕು ತನ್ನದೆಂದು ಔರಾದಿನಲ್ಲಿ ನಮ್ಮ ಕಾಕಾನ ಮಗಳು ಸೀರೆಗೆ ಇಸ್ತ್ರಿ ಹಾಕಿಸಿಕೊಂಡು ಕಾದಿದ್ದಳು.

ಮೊಬೈಲಿನಲ್ಲಿ ಓದಿಕೊಂಡು ಅವಸರದಲ್ಲಿ ಪಾಠ ಒಪ್ಪಿಸಿದೆ. ಇಳಿದ ಮೇಲೂ ರೆಕ್ಕೆ ವಿಮಾನವನ್ನು ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ಚಕ್ರದ ಮೇಲೆ ಭಾರ ಬೀಳದೆ ಬ್ರೇಕು ಹಿಡಿಯುವುದಿಲ್ಲ. ಸ್ಪಾಯ್ಲರ್ ಎಂಬ ಆ ಹಲಗೆಗಳು ಎದ್ದು ಗಾಳಿಯ ಓಟ ಕೆಡಿಸುತ್ತವೆ, ಆಗ ಭಾರವೆಲ್ಲ ಚಕ್ರದ ಮೇಲೆ ಬೀಳುತ್ತದೆ.

"ಅಂದ್ರ ಹೊಲ ಹರಗುವಾಗ ಕುಂಟಿ ಮಣ್ಣು ಹಿಡೀಲಿಲ್ಲಂದ್ರ ಮ್ಯಾಲ ಮಂದಿನ್ನ ಕುಂಡ್ರಸ್ತಾರಲ್ಲ, ಹಂಗ?"

"ಹೂಂ ಅಕ್ಕಾ, ಹಂಗೇ."

ಏರಿದಳು. ಬೀದರಿನಲ್ಲಿ ವಿಮಾನ ಇಳಿದು ಇನ್ನೂ ಓಡುತ್ತಿರುವಾಗಲೇ ನಮ್ಮ ಜನ ರೂಢಿಯಂತೆ ಚೀಲ ತೆಗೆಯಲು ಎದ್ದರು. ಅಕ್ಕ ಕುರಿಗಳನ್ನು ಕೂಗಿ ಕರೆಯುವ ದನಿ ತೆಗೆದಳು.

"ಕುಂದರ್ರಿ ಎಲ್ಲಾರೂ. ಕುಂಟಿ ಮ್ಯಾಲಿಂದ ನೀವೇ ಎದ್ರ ಇದು ಹ್ಯಾಂಗ ನಿಂದರ್ತದ್ರಿ?"

ಇಡೀ ವಿಮಾನ ಕುಳಿತಿತು. ಮೈಕಿನಲ್ಲಿ ಕೂಗಿ ಸೋತಿದ್ದ ಗಗನಸಖಿ ಅಕ್ಕನಿಗೆ ಕೈಮುಗಿದಳು. ಮರುದಿನ ಅಕ್ಕನೇ ಕೂಸಿಗೆ ಹೆಸರು ಹೇಳಿದಳು.

ಇವತ್ತು ತರಗತಿಯಲ್ಲಿ ವಿಮಾನ ನಿಲ್ಲುವ ಬಗೆಗೆ ಆಕೆಯ ಕುಂಟೆಯ ಹೋಲಿಕೆಯನ್ನೇ ಹೇಳಿದೆ, ಮಕ್ಕಳಿಗೆ ಚೆನ್ನಾಗಿ ತಿಳಿಯಿತು. ಸಂಜೆ ಬೀಗುತ್ತ ಅಕ್ಕನಿಗೆ ಫೋನು ಮಾಡಿ, ನನ್ನ ಪಾಠ ಕೇಳಿಯೇ ಅಲ್ಲವೇ ನೀನು ಅವತ್ತು ಏರಿದ್ದು ಎಂದೆ.

"ನಿನ್ನ ಪಾಠ ಯಾರಿಗೆ ಬೇಕಾಗಿತ್ತೋ," ಎಂದಳು. "ರೆಕ್ಕಿ ಮುರದು ಬಿದ್ರೂ ಬೀಳಲಿ, ನನ್ನ ಕೂಸಿನ ಕಿವ್ಯಾಗ ಔರಾದದಾಕಿ ಬಾಯಿ ಇಡಬಾರ್ದಂತ ಏರಿದೆ."

ನಾನು ಫೋನನ್ನು ಮಗಳ ಕೈಗೆ ಕೊಟ್ಟೆ.