ಕಾಫಿ ಕಣದಲ್ಲಿ ಹಿಡಿದ ಗ್ಯಾಲಕ್ಸಿ

ಅನಂತ ವಿಶ್ವದ ಮುಂದೆ ಮನುಷ್ಯ ಎಷ್ಟರವನು ಎಂದು ತಿಳಿದವರು ಕೇಳುತ್ತಾರೆ. ನಾನು ಚಿಕ್ಕವನಿದ್ದಾಗ ಗೋಣಿಬೀಡಿನ ಕಡೆ ಇದನ್ನು ಯೋಚಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರೂ ಬೂಷ್ಟು ಒರೆಸುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಚಪ್ಪಲಿ, ಟ್ರಂಕು, ಫೋಟೋದಲ್ಲಿದ್ದ ಅಜ್ಜನ ಮೂಗು, ಯಾವುದನ್ನೂ ಅದು ಬಿಡುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ, ಕಾಫಿ ಕೊಯ್ಲಿನ ಹೊತ್ತಿಗೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅತ್ತೆ ಕ್ಯಾಮೆರಾ ಹಿಡಿದು ಬಂದರು. ಎರಡು ಹಲಗೆಗೆ ಬಾಗಿಲಿನ ಕೀಲು ಹೊಡೆದು, ನಡುವೆ ಬೋಲ್ಟು ಸಿಕ್ಕಿಸಿದ್ದರು. ಬೋಲ್ಟನ್ನು ನಿಧಾನವಾಗಿ ತಿರುಗಿಸಿದರೆ ಮೇಲಿನ ಹಲಗೆ ಏಳುತ್ತ, ಅದರ ಮೇಲಿದ್ದ ಕ್ಯಾಮೆರಾ ನಕ್ಷತ್ರಗಳ ಬೆನ್ನು ಹಿಡಿದು ಸರಿಯುತ್ತಿತ್ತು. ತಿರುಗಿಸುವ ಅಧಿಕಾರ ನನಗೆ ಬಂತು. ಆಂಡ್ರೊಮೀಡಾ ಗ್ಯಾಲಕ್ಸಿಯನ್ನೇ ಹಿಡಿದು ತರುತ್ತೇನೆಂದು ಶಾಲೆಯಲ್ಲಿ ಸಾರಿಬಿಟ್ಟೆ. ತರದಿದ್ದರೆ ಏಳನೇ ಕ್ಲಾಸು ಮುಗಿಯುವವರೆಗೂ ನನ್ನ ಹೆಸರು ‘ಗ್ಯಾಲಕ್ಸಿ’ ಎಂದು ಅಲ್ಲೇ ತೀರ್ಮಾನವಾಯಿತು.

ಸಂಜೆ ಕಣದಲ್ಲಿ ಒಣಹಾಕಿದ ಕಾಫಿಗೆ ಟಾರ್ಪಾಲು ಹೊದಿಸಿ, ಕತ್ತಲಾದ ಮೇಲೆ ನಮ್ಮ ಸರದಿ. ಸುತ್ತ ಕಾಫಿ ಹಣ್ಣಿನ ಸಿಪ್ಪೆಯ ಹುಳಿ ವಾಸನೆ, ನನ್ನ ಎಡಗೈಯಲ್ಲಿ ಚಕ್ಕುಲಿ.

“ಅಲ್ಲಾಡ್ಬೇಡ ಮಾರಾಯ,” ಎಂದರು ಅತ್ತೆ. “ಇಪ್ಪತ್ತೈದು ಲಕ್ಷ ವರ್ಷದಿಂದ ದಾರಿ ಸವೆಸ್ಕೊಂಡು ಬರ್ತಿರೋ ಬೆಳಕು ಅದು. ಚಕ್ಕುಲಿ ಆಮೇಲೆ.”

ಚಕ್ಕುಲಿ ಜೇಬಿಗೆ ಹೋಯಿತು.

ಮೂಡಿಗೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದ ವಾಸಣ್ಣ ಫಿಲ್ಮ್ ರೋಲು ತೊಳೆದು, ದೊಡ್ಡ ಪ್ರಿಂಟು ಕೈಗಿಟ್ಟರು. ನಕ್ಷತ್ರಗಳು ರಾಗಿ ಚೆಲ್ಲಿದಂತೆ ಸ್ಪಷ್ಟವಾಗಿದ್ದವು. ನಟ್ಟನಡುವೆ ಮಾತ್ರ ಕಡುಗಪ್ಪು.

“ಮಧ್ಯದಲ್ಲಿ ಬೂಷ್ಟು ಹಿಡಿದಿತ್ತು ಟೀಚರ್ರೇ. ಇಂಕಲ್ಲಿ ಮುಚ್ಚಿದ್ದೀನಿ. ಗೊತ್ತೇ ಆಗಲ್ಲ ನೋಡಿ.”

ಅತ್ತೆ ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ನಾನೇ ಹೇಳಿದೆ: “ವಾಸಣ್ಣ, ಅದು ಬೂಷ್ಟಲ್ಲ. ಗ್ಯಾಲಕ್ಸಿ. ನಾನು ತಿರುಗಿಸಿದ್ದು.”

“ಮೊದ್ಲೇ ಹೇಳ್ಬಾರ್ದೇನೋ? ನಿಮ್ಮಜ್ಜನ ಮೂಗಿನ ಮೇಲಿಂದೂ ನಾನೇ ತೆಗ್ದಿದ್ದು. ಆಗ ಯಾರೂ ಬೇಡ ಅನ್ಲಿಲ್ಲ.”

ಪುಣ್ಯಕ್ಕೆ ನೆಗೆಟಿವ್ ಮುಟ್ಟಿರಲಿಲ್ಲ. ಕತ್ತಲೆ ಕೋಣೆಯಿಂದ ಇನ್ನೊಂದು ಪ್ರಿಂಟು ಬಂತು: ನಡುವೆ ಓರೆಯಾಗಿ ಮಲಗಿದ, ಮಂಜಿನಂಥ ಬೆಳಕು. ಪುಸ್ತಕದ ಗ್ಯಾಲಕ್ಸಿಗಿರುವ ಸುರುಳಿ ಇದರಲ್ಲೆಲ್ಲಿ ಎಂದು ಶಾಲೆಯಲ್ಲಿ ಕೇಳಿದವರಿಗೆ ಬೆರಳಿಟ್ಟು ತೋರಿಸಿದೆ. ಚಕ್ಕುಲಿ ತಿಂದು ಬೆಳೆದವನಿಗೆ ಸುರುಳಿ ಕಾಣುವುದು ಕಷ್ಟವಲ್ಲ. ವಾಸಣ್ಣ ತಮ್ಮ ಅಂಗಡಿಯ ಗಾಜಿನ ಹಿಂದೆ, ಮದುಮಕ್ಕಳ ಪಕ್ಕದಲ್ಲಿ ಒಂದು ಪ್ರತಿ ಇಟ್ಟು, ‘ಬೂಷ್ಟಲ್ಲ’ ಎಂದು ಚೀಟಿ ಅಂಟಿಸಿದರು. ಆ ಚೀಟಿ ಓದಲೆಂದೇ ನಾನು ಎಷ್ಟೋ ಸಲ ಮೂಡಿಗೆರೆಗೆ ಹೋಗಿದ್ದೇನೆ.

ಈಗ ಸ್ಟುಡಿಯೋ ಇಲ್ಲ, ಅತ್ತೆಯೂ ಇಲ್ಲ. ಗುಡ್ಡದ ತುಂಬ ಹೋಂಸ್ಟೇ ದೀಪಗಳು. ಅದೇ ಕಣದಲ್ಲಿ ನಿಂತರೆ ಆಂಡ್ರೊಮೀಡಾ ಬರಿಗಣ್ಣಿಗೆ ಸಿಗುವುದಿಲ್ಲ. ಫೋಟೋ ನಮ್ಮ ಗೋಡೆಯ ಮೇಲಿದೆ. ಹೋದ ಮಳೆಗಾಲದಲ್ಲಿ ಅದರ ಮೂಲೆಗೆ ಬೂಷ್ಟು ಬಂತು. ಒರೆಸಿದೆ. ಗ್ಯಾಲಕ್ಸಿ ಹಾಗೇ ಇದೆ.