ಸಾಲಿನಲ್ಲಿ ನಿಂತ ಕೊಡೆಗಳು

ವರೀದ್ ಚೇಟ್ಟನ ಹತ್ತಿರ ಹನ್ನೊಂದು ಕೊಡೆಗಳಿದ್ದವು. ಅವರು ಮಾತ್ರ ಮಳೆಯಲ್ಲಿ ತಲೆಗೆ ಟವೆಲ್ಲು ಹಾಕಿಕೊಂಡೇ ಓಡಾಡುತ್ತಿದ್ದರು. ಎರ್ನಾಕುಲಂನ ಒಂದು ಕಾಲೇಜಿನಲ್ಲಿ ಅವರು ಪ್ಯೂನ್; ಚೇಟ್ಟ ಎಂದರೆ ಅಲ್ಲಿ ಅಣ್ಣ. ಕೊಡೆಗಳೆಲ್ಲ ಮಕ್ಕಳು ಮರೆತು ಬಿಟ್ಟುಹೋದವು. ಒಂದರ ಹಿಡಿ ಮುರಿದಿದೆ, ಒಂದಕ್ಕೆ ಬಟ್ಟೆಯೇ ಇಲ್ಲ. "ಇವು ಬಿಡಿಸ್ಲಿಕ್ಕೆ ಅಲ್ಲ ಅಮ್ಮ, ನಿಲ್ಲಿಸ್ಲಿಕ್ಕೆ," ಎನ್ನುತ್ತಿದ್ದರು. ಪ್ರಾಯದಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕನ್ನಡ ಅಲ್ಲಿಂದ ಹೊತ್ತು ತಂದದ್ದು.

ಕೇರಳ ರಾಜ್ಯವಾದ ಮರುವರ್ಷದ ಜೂನ್ ಅದು. ನನ್ನ ಗಂಡ ಬ್ಯಾಂಕಿನಲ್ಲಿದ್ದರು, ಮನೆ ಹಿನ್ನೀರಿನ ಆಚೆ ದಡದ ಫೋರ್ಟ್ ಕೊಚ್ಚಿಯಲ್ಲಿ. ನನ್ನ ತಂಗಿ ಸರಸ್ವತಿ ಕಾಸರಗೋಡಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಕಾಲೇಜಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಫಾರಂ ದಿನಕ್ಕೆ ಸ್ವಲ್ಪವೇ ಕೊಡುತ್ತಿದ್ದರು. ಪೇಟೆಯವರು ಏಳಕ್ಕೇ ಸಾಲು ಹಿಡಿಯುತ್ತಿದ್ದರು. ನಾವು ಬೋಟಿಗೆ ಕಾದು, ದಾಟಿ, ಅಲ್ಲಿಂದ ನಡೆದು ಮುಟ್ಟುವಾಗ ಒಂಬತ್ತೂವರೆ. ಎರಡು ದಿನ ಬರಿಗೈಯಲ್ಲಿ ವಾಪಸು ಬಂದೆವು.

"ನಾಳೆಯೂ ಸಿಗದಿದ್ರೆ ಊರಿಗೆ ನಡಿ. ಅಪ್ಪ ಗಂಡು ನೋಡಿ ಇಟ್ಟಿದ್ದಾರೆ," ಎಂದೆ ಅವಳಿಗೆ, ಎರಡನೆಯ ದಿನ ಕಾಲೇಜಿನ ಗೇಟು ದಾಟುವಾಗ. ಹೆದರಿಸಲು ಹೇಳಿದ್ದಲ್ಲ, ಇದ್ದದ್ದೇ ಹಾಗೆ.

ಹಿಂದಿನಿಂದ ವರೀದ್ ಚೇಟ್ಟನ ದನಿ, ಅವರನ್ನು ಕಂಡದ್ದು ಅದೇ ಮೊದಲು: "ಬೋಟಿನವರಾ? ನಾಳೆ ಹಿಡಿ ಮುರಿದ ಕೊಡೆ ನಿಮ್ಮದು."

ಮರುದಿನ ಹೋಗಿ ನೋಡಿದರೆ ಸಾಲಿನ ನಡುನಡುವೆ ಕೊಡೆಗಳು ನಿಂತಿವೆ, ಒಂದೊಂದೂ ನೀರು ದಾಟಿ ಬರುವ ಒಬ್ಬೊಬ್ಬರ ಹೆಸರಿನಲ್ಲಿ. ವಕೀಲರೊಬ್ಬರು ಮಗನ ಜೊತೆ ನಿಂತು ಸಿಡುಕುತ್ತಿದ್ದರು. "ಕೊಡೆಗೂ ಸೀಟು ಕೊಡ್ತೀಯೇನಯ್ಯಾ?"

"ಕೇಳಿ ನೋಡ್ಬಹುದು ಸಾರ್. ನಿಮ್ಮ ಮಗನಿಗಿಂತ ಮೊದಲು ಎದ್ದು ಬಂದಿದೆ."

ವರೀದ್ ಚೇಟ್ಟನ ಸ್ವಂತ ತಂಗಿಯ ಮಗಳು ಅದೇ ಸಾಲಿನ ಬಾಲದಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು. ಅವಳಿಗೆ ಕೊಡೆಯಿಲ್ಲವೇ ಎಂದು ಕೇಳಿದೆ. "ಅವಳ ಮನೆ ಕಾಲೇಜಿನ ಹಿಂದೆಯೇ ಉಂಟು. ಬೇಗ ಏಳ್ಲಿಕ್ಕೆ ಎಂತ ರೋಗ?"

ಫಾರಂ ಸಿಕ್ಕಿತು, ಸೀಟೂ ಸಿಕ್ಕಿತು. ಆಮೇಲೆ ಇನ್ನೊಂದು ತಕರಾರು. ಊರು ಕೇರಳಕ್ಕೆ ಸೇರಿತ್ತು, ಸರಸ್ವತಿಯ ಸರ್ಟಿಫಿಕೇಟು ಮಾತ್ರ ಮದ್ರಾಸಿನದು. ಅದು ನಡೆಯುತ್ತದೆ ಎಂದು ತಿರುವನಂತಪುರದ ಯೂನಿವರ್ಸಿಟಿ ಆಫೀಸಿನಿಂದ ಒಂದು ಕಾಗದ ತರಬೇಕು. ಸೋಮವಾರದೊಳಗೆ ತರದಿದ್ದರೆ ಸೀಟು ಬೇರೆಯವರಿಗೆ. ನನ್ನ ಗಂಡನಿಗೆ ರಜೆಯಿಲ್ಲ. ಕಾಲೇಜಿನ ಕಾಗದಪತ್ರದ ಕಟ್ಟು ಕೊಡಲು ಶುಕ್ರವಾರ ಅಲ್ಲಿಗೇ ಹೊರಟಿದ್ದ ವರೀದ್ ಚೇಟ್ಟನ ಜೊತೆ ಹೋದೆವು. ಹಿಡಿ ಮುರಿದ ಕೊಡೆಯೂ ಬಂತು.

ಸರಸ್ವತಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿ, ಆಫೀಸಿನ ಮುಂದಿನ ಮಾವಿನ ಮರದ ಬುಡದಲ್ಲಿ ಮಲಗಿಬಿಟ್ಟಳು. ವರೀದ್ ಚೇಟ್ಟ ಸಾಲಿನಲ್ಲಿ ಕೊಡೆ ನಿಲ್ಲಿಸಿ ಚಹಾ ಕುಡಿಯಲು ಹೋದರು. ಬರುವಾಗ ಕೊಡೆ ಚರಂಡಿಯಲ್ಲಿತ್ತು, ಸಾಲು ಇಮ್ಮಡಿಯಾಗಿತ್ತು.

"ಇಲ್ಲಿನವರಿಗೆ ಕೊಡೆಯ ಪರಿಚಯ ಇಲ್ಲ," ಎಂದರು. ಕೊಡೆ ಎತ್ತಿಕೊಳ್ಳಲೂ ಇಲ್ಲ, ಹೋಗಿ ಸಾಲಿನ ತುದಿಯಲ್ಲಿ ತಾವೇ ನಿಂತರು. ಮಧ್ಯಾಹ್ನ ಎರಡು ಗಂಟೆಯವರೆಗೆ ನಿಂತರು. ಕಾಲು ಬಾತಿತ್ತು. ಅವರಿವರ ಸಾಲಿನಲ್ಲಿ ಕೊಡೆ ನಿಲ್ಲಿಸಿದ ಪಾಪ ಅನುಭವಿಸಿ ಎಂದೆ. ನಕ್ಕರು.

ಕಿಟಕಿ ಸಿಕ್ಕಿದ ಕೂಡಲೇ ಅವರು ಪಕ್ಕಕ್ಕೆ ಸರಿದು ಸರಸ್ವತಿಯನ್ನು ನಿಲ್ಲಿಸಿದರು. ಹಿಂದಿದ್ದವರು ಬೊಬ್ಬೆ ಹಾಕಿದರು: ಇಷ್ಟು ಹೊತ್ತು ನಿಂತದ್ದು ನೀವು, ಇವಳು ಯಾರು?

"ಇಷ್ಟು ಹೊತ್ತು ನಿಂತದ್ದು ಒಂದು ಕೊಡೆ ಅಂತ ತಿಳ್ಕೊಳ್ಳಿ," ಎಂದರು ವರೀದ್ ಚೇಟ್ಟ.

ಕಾಗದ ಸಿಕ್ಕಿತು. ಸರಸ್ವತಿ ಓದಿದಳು, ಟೀಚರಾದಳು. ಬಸ್ಸು ಹತ್ತಿದರೆ ಈಗಲೂ ವಾಂತಿ.

ಎಷ್ಟೋ ವರ್ಷದ ಮೇಲೆ ನಾವು ನೀರು ದಾಟಿ ಎರ್ನಾಕುಲಂ ಕಡೆಯ ಪಾಲಾರಿವಟ್ಟಂಗೆ ಮನೆ ಬದಲಿಸಿ ಬಂದೆವು. ಒಂದು ದಿನ ರೇಷನ್ ಅಂಗಡಿಯ ಸಾಲಿನಲ್ಲಿ ಎದುರಿಗೇ ವರೀದ್ ಚೇಟ್ಟ, ಗೋಡೆ ಹಿಡಿದು ನಿಂತಿದ್ದಾರೆ, ತಲೆಯ ಮೇಲೆ ಅದೇ ಟವೆಲ್ಲು. ಗುರುತು ಹಿಡಿದರು. ನಾನು ಮೆಲ್ಲಗೆ ಅವರ ಮುಂದೆ ನುಸುಳಲು ನೋಡಿದೆ.

"ಮನೆ ಎಲ್ಲಿ ಅಮ್ಮ?"

"ಇಲ್ಲೇ, ಆಚೆ ಓಣಿಯಲ್ಲಿ."

"ಹಾಗಾದ್ರೆ ಹಿಂದೆ ಹೋಗಿ."

ಹೋಗಿ ನಿಂತೆ. ನನ್ನ ಸರದಿ ಬರುವಾಗ ಸಕ್ಕರೆ ಮುಗಿದಿತ್ತು, ಅವರೂ ಹೋಗಿಯಾಗಿತ್ತು. ಮತ್ತೆ ನೋಡಲು ಸಿಗಲಿಲ್ಲ.